ಬೇವಿನ ಟೊಂಗೆಗೆ ಮೂರು ಕೊಟೇಷನ್

ಶಿವರಾತ್ರಿ ಕಳೆದ ಮರುವಾರ ಕಮಲಾಕ್ಷಿ ಗಂಡನಿಗೆ ಹೇಳಿದ್ದು ಇಷ್ಟೇ: "ಮಾಳಿಗಿ ಮ್ಯಾಲ ಚಾಚೇತಲ್ಲ ಬೇವಿನ ಟೊಂಗಿ, ಅದನ್ನಷ್ಟು ಕಡಸ್ರಿ. ಬಿಸಿಲ ಬೀಳವಲ್ದು." ಹೇಳಿ ಒಳಗೆ ಹೋಗಿ ಒಗ್ಗರಣೆ ಹಾಕಿದಳು. ಒಗ್ಗರಣೆ ಸಿಡಿದು ಮುಗಿಯುವಷ್ಟರಲ್ಲಿ ಟೊಂಗೆ ಕೆಳಗೆ ಬೀಳಬೇಕು ಅಂತೇನೂ ಆಕೆಗೆ ಹಟವಿರಲಿಲ್ಲ. ಆದರೆ ಯುಗಾದಿ ಮುಗಿದು, ಮಾವಿನಕಾಯಿ ಉಪ್ಪಿನಕಾಯಿ ಭರಣಿ ತುಂಬಿ, ಊರಿಗೆ ಊರೇ ಮಳೆಯ ಮಾತಾಡುವ ತನಕ ಆ ಟೊಂಗೆ ತನ್ನ ಜಾಗದಲ್ಲೇ ಹಾಯಾಗಿ ತೂಗಾಡುತ್ತಿರುತ್ತದೆ ಅಂತಲೂ ಅಂದುಕೊಂಡಿರಲಿಲ್ಲ. ತಪ್ಪು ಆಕೆಯದೇ. ಮೂವತ್ತು ವರ್ಷಕ್ಕೂ ಮಿಕ್ಕಿ ಸಂಸಾರ ಮಾಡಿದವಳಿಗೆ, ಯಾರ ಹತ್ತಿರ ಏನು ಕೇಳುತ್ತಿದ್ದೇನೆ ಅನ್ನುವ ಅಂದಾಜು ಇರಬೇಕಿತ್ತು.

ಗುರುಸಿದ್ದಪ್ಪ ತೆಲುಗು ಸೀಮೆಯ ಕುಷಾಯಿಗೂಡದ ಸರ್ಕಾರಿ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ತಲೆ ನರೆಸಿಕೊಂಡು ಹೋದ ವರ್ಷ ನಿವೃತ್ತರಾದವರು. ಅಲ್ಲಿ ಸ್ಕ್ರೂ ಬೇಕಾದರೂ ಅಷ್ಟೇ, ಕ್ಯಾಂಟೀನಿಗೆ ಬಕೆಟ್ ಬೇಕಾದರೂ ಅಷ್ಟೇ: ಮೂರು ಅಂಗಡಿಯಿಂದ ಕೊಟೇಷನ್ ತರಿಸಬೇಕು, ಮೂರನ್ನೂ ಅಕ್ಕಪಕ್ಕ ಇಟ್ಟು ಹೋಲಿಸಬೇಕು, ಎಲ್ಲರಿಗಿಂತ ಕಡಿಮೆ ದರ ಹೇಳಿದವನಿಗೆ ಆರ್ಡರ್ ಕೊಡಬೇಕು. ಆ ಕಡಿಮೆ ದರದ ಪುಣ್ಯಾತ್ಮನಿಗೆ ಅವರ ಭಾಷೆಯಲ್ಲಿ 'ಎಲ್-ಒನ್' ಅಂತ ಹೆಸರು. ಇಡೀ ನೌಕರಿಯಲ್ಲಿ ಒಂದು ಪೈಸೆ ತಿಂದವರಲ್ಲ, ಅದನ್ನು ಶತ್ರುವೂ ಒಪ್ಪುತ್ತಿದ್ದ. ಪೈಸೆ ತಿನ್ನದ ಮನುಷ್ಯ ಮನೆಗೆ ಬಂದು ಹೆಂಡತಿಯ ತಲೆ ತಿನ್ನಬಾರದು ಅಂತ ಮಾತ್ರ ಯಾವ ನಿಯಮದಲ್ಲೂ ಬರೆದಿರಲಿಲ್ಲ. ನಿವೃತ್ತಿಯ ದಿನ ಶಾಲು, ಹಾರ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ನಿಯಮಗಳನ್ನು ಇಲ್ಲೇ ಬಿಟ್ಟು ಹೋಗಿ ಸ್ವಾಮಿ ಅಂತ ಹೇಳಲು ಎಲ್ಲರೂ ಮರೆತರು. ಹಾಗಾಗಿ ಈಗ ಟೊಮ್ಯಾಟೊಗೂ ಮೂರು ಗಾಡಿ. ಮೂರನೆಯ ಗಾಡಿಯವನನ್ನು ವಿಚಾರಿಸಿ ಮೊದಲನೆಯವನ ಹತ್ತಿರ ವಾಪಸ್ ಬರುವಷ್ಟರಲ್ಲಿ ಅವನು ಮುಂದಿನ ಗಲ್ಲಿಗೆ ಹೋಗಿರುತ್ತಿದ್ದ, ಅವತ್ತು ಮನೆಯಲ್ಲಿ ಹುಣಸೆಹಣ್ಣಿನ ಸಾರು.

ಇನ್ನು ಕಮಲಾಕ್ಷಿಗೆ ಬಿಸಿಲು ಯಾಕೆ ಬೇಕಾಗಿತ್ತು ಅಂದರೆ, ಅದಕ್ಕೊಂದು ಕಾರಣವಿತ್ತು, ಸಣ್ಣದಲ್ಲ. ಆಕೆ ಗದಗಿನ ಕಡೆಯವಳು. ಪ್ರತಿ ಬೇಸಿಗೆ ಮಾಳಿಗೆಯ ಮೇಲೆ ಸಂಡಿಗೆ, ಹಪ್ಪಳ, ಗೋಧಿ ಹಾಲಿನ ಕುರಡಿಗೆ ಮಾಡಿ ಒಣಗಿಸಿ ಪರಿಚಯದವರಿಗೆಲ್ಲ ಹಂಚುತ್ತಿದ್ದಳು. ಆಕೆಯ ಕುರಡಿಗೆ ಎಣ್ಣೆಗೆ ಬಿದ್ದರೆ ಮಲ್ಲಿಗೆ ಹೂವಿನಂತೆ ಅರಳುತ್ತದೆ ಅಂತ ಹೊಗಳಿದವರು ಡಬ್ಬಿ ತುಂಬಿಸಿಕೊಂಡು ಹೋಗುತ್ತಿದ್ದರು. ಡಬ್ಬಿಯನ್ನೂ ವಾಪಸ್ ಕೊಡುತ್ತಿರಲಿಲ್ಲ, ಆ ಮಾತು ಬೇರೆ. ಈ ವರ್ಷ ಸಂಕ್ರಾಂತಿಗೆ ಎಳ್ಳು-ಬೆಲ್ಲ ಕೊಡಲು ಬಂದ ಮಲ್ಕಾಜ್‌ಗಿರಿಯ ಸುಮಂಗಲಾ ಒಂದು ಹೊಸ ಮಾತು ತೆಗೆದಳು. ಆಕೆಯ ಗಂಡ ರೈಲ್ವೆಯಲ್ಲಿ, ಅಲ್ಲಿನ ಕನ್ನಡದ ಹೆಂಗಸರಿಗೆಲ್ಲ ಆಕೆಯೇ ಮುಂದಾಳು.

"ಅಕ್ಕಾರ, ಈ ಸಲ ಪುಕ್ಕಟೆ ಬ್ಯಾಡ್ರಿ. ನಮ್ಮ ರೈಲ್ವೆ ಮಂದಿ ಎಲ್ಲಾರೂ ಕೂಡಿ ರೊಕ್ಕಾ ಕೊಟ್ಟು ತಗೋತೀವಿ. ಆದ್ರ ಮಿರಗ ಕೂಡೂದ್ರೊಳಗ ಕೊಡಬೇಕು ನೋಡ್ರಿ. ಆಗ್ಲಿಲ್ಲಾಂದ್ರ ಹೇಳಿಬಿಡ್ರಿ, ಅಂಗಡ್ಯಾಗಿನ ಪ್ಯಾಕೆಟ್ಟರ ತರ್ತೀವಿ."

ಮಿರಗ ಅಂದರೆ ಮೃಗಶಿರ ಮಳೆ. ಅದು ಕೂಡಿತೆಂದರೆ ಮಾಳಿಗೆಯ ಕೆಲಸ ಮುಗಿದ ಹಾಗೆಯೇ. ಸುಮಂಗಲಾಳಿಗೆ "ಆಗ್ಲೇಳವ್ವಾ, ಮಾಡೋಣು" ಅಂತ ಸಲೀಸಾಗಿ ಹೇಳಿ ಕಳಿಸಿದ ಕಮಲಾಕ್ಷಿ, ಆಕೆ ಗೇಟು ದಾಟಿದ ಮೇಲೆ ದೇವರ ಕೋಣೆಗೆ ಹೋಗಿ ದೀಪ ಹಚ್ಚಿದ್ದಳು. ದುಡ್ಡಿನ ಆಸೆಗಲ್ಲ. ಆಕೆಯ ಕೈಕೆಲಸವನ್ನು ಬೆಲೆ ಕೊಟ್ಟು ಕೇಳಿದ್ದು ಜನ್ಮದಲ್ಲಿ ಇದೇ ಮೊದಲು. ಇದೊಂದನ್ನು ನೆಟ್ಟಗೆ ಮಾಡಿ ಕೊಟ್ಟರೆ ಬರುವ ವರ್ಷವೂ ಕೇಳುತ್ತಾರೆ. ಕೊಡದಿದ್ದರೆ ಯಾರೂ ಬೈಯುವುದಿಲ್ಲ, 'ಪಾಪ, ವಯಸ್ಸಾತು' ಅಂದು ಪ್ಯಾಕೆಟ್ ಹರಿಯುತ್ತಾರೆ. ಆ 'ಪಾಪ' ಅನ್ನಿಸಿಕೊಳ್ಳುವುದು ಆಕೆಗೆ ಬೇಡವಾಗಿತ್ತು.

ಅಡ್ಡವಿದ್ದದ್ದು ಟೊಂಗೆ ಒಂದೇ. ಹಿತ್ತಲಿನ ಬೇವು ಕಳೆದೆರಡು ವರ್ಷದಲ್ಲಿ ಒಂದು ತೋಳನ್ನು ಗೋಡೆಯ ಮೇಲಿಂದ ಮಾಳಿಗೆಗೆ ಚಾಚಿತ್ತು. ಬಿಸಿಲು ಬೀಳಬೇಕಾದ ಜಾಗದಲ್ಲೆಲ್ಲ ನೆರಳು, ನೆರಳಿನ ಜೊತೆಗೆ ಬೇವಿನ ಹೂ, ಎಲೆ, ಪಾರಿವಾಳದ ಪ್ರಸಾದ. ಹೋದ ಬೇಸಿಗೆಯ ಕುರಡಿಗೆ ಒಣಗದೆ ಬೂಷ್ಟು ಹಿಡಿದು, ಆಕೆ ಯಾರಿಗೂ ಕಾಣದ ಹಾಗೆ ಕಸದ ಗಾಡಿಗೆ ಹಾಕಿದ್ದಳು. ಟೊಂಗೆ ಎಷ್ಟು ದಪ್ಪ? ಒಬ್ಬ ಗಂಡಸಿನ ತೋಳಿನಷ್ಟು, ಅದೂ ವ್ಯಾಯಾಮ ಮಾಡದ ಗಂಡಸಿನ ತೋಳು.

"ಅಟ್ಟದ ಮ್ಯಾಲ ಗರಗಸ ಐತಲ್ಲರಿ," ಅಂತ ಆಕೆ ಮೊದಲ ದಿನವೇ ನೆನಪಿಸಿದ್ದಳು.

ಗುರುಸಿದ್ದಪ್ಪ ನಕ್ಕರು. ಮಕ್ಕಳು ಚಂದ್ರ ಬೇಕು ಅಂದಾಗ ದೊಡ್ಡವರು ನಗುತ್ತಾರಲ್ಲ, ಆ ನಗು. "ಗರಗಸ ಯಾವ ಕಾಲದ್ದು ಕಮಲಾ? ಅದು ಟೆಕ್ನಿಕಲ್ ರಿಜೆಕ್ಟ್. ಈಗ ಮನಿ ತೋಟಕ್ಕಂತನ ಮರ ಕೊಯ್ಯೋ ಮಷಿನ್ ಬಂದಾವ. ಚೈನ್ ಸಾ ಅಂತಾರ."

"ತೋಟ ಎಲ್ಲೈತ್ರಿ? ಒಂದ ಬೇವು, ಒಂದ ನುಗ್ಗಿ, ಒಂದ ಕರಿಬೇವು. ಕೂಲಿಯವನ್ನ ಕರಸಿದ್ರ ಒಂದ ತಾಸಿನಾಗ ಮುಗೀತೈತಿ."

"ಕೂಲಿ ಕೊಟ್ರ ಅದು ಖರ್ಚು. ಮಷಿನ್ ತಗೊಂಡ್ರ ಅದು ಆಸ್ತಿ." ಅವರು ಕನ್ನಡಕ ಒರೆಸಿ ಮೂಗಿನ ಮೇಲೆ ಏರಿಸಿದರು. ಆ ಕನ್ನಡಕ ಹಾಗೆ ಏರಿತೆಂದರೆ ಕಾರ್ಖಾನೆಯಲ್ಲಿ ಮಂದಿ ಫೈಲು ಹಿಡಿದು ಗೋಡೆಗೆ ಒರಗುತ್ತಿದ್ದರಂತೆ. ಕಮಲಾಕ್ಷಿ ಒರಗಲಿಲ್ಲ, ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ತೊಳೆದಳು.

ಮರುದಿನವೇ ಸಮಿತಿ ರಚನೆಯಾಯಿತು. ಸಮಿತಿಯ ಇನ್ನೊಬ್ಬ ಸದಸ್ಯರು ಸಂಗಣ್ಣ, ಅದೇ ಕಾರ್ಖಾನೆಯ ತಪಾಸಣೆ ವಿಭಾಗದಿಂದ ನಿವೃತ್ತರಾಗಿ ಹಿಂದಿನ ಓಣಿಯಲ್ಲಿ ಮನೆ ಮಾಡಿಕೊಂಡವರು. ಯಾವ ವಸ್ತುವನ್ನು ಕೊಟ್ಟರೂ ತಿರುಗಿಸಿ ಮುರುಗಿಸಿ ನೋಡಿ ಒಂದು ಕೊರತೆ ಹುಡುಕದೆ ಕೆಳಗಿಡುವವರಲ್ಲ. ಕಮಲಾಕ್ಷಿಯ ಚಹಾದಲ್ಲಿ ಮಾತ್ರ ಅವರಿಗೆ ಇಲ್ಲಿಯ ತನಕ ಕೊರತೆ ಸಿಕ್ಕಿರಲಿಲ್ಲ, ಆದ್ದರಿಂದ ತಪಾಸಣೆಗೆ ದಿನಾ ಬರುತ್ತಿದ್ದರು. ಇಬ್ಬರೂ ಟೇಪು ಹಿಡಿದು ಮಾಳಿಗೆ ಹತ್ತಿ ಟೊಂಗೆಯನ್ನು ಬುಡದಲ್ಲಿ ಅಳೆದರು, ನಡುವೆ ಅಳೆದರು, ತುದಿಯಲ್ಲೂ ಅಳೆದರು. ತುದಿಯನ್ನು ಯಾಕೆ ಅಳೆದರು ಅನ್ನುವುದು ಸಮಿತಿಗೇ ಗೊತ್ತು.

"ಗುರುಸಿದ್ದಪ್ಪಾರ, ಇವತ್ತಿನ ದಪ್ಪ ನೋಡಿದ್ರ ಆಗೂದಿಲ್ಲ," ಅಂದರು ಸಂಗಣ್ಣ ಚಹಾ ಹೀರುತ್ತ. "ಹತ್ತು ವರ್ಷಕ್ಕ ಈ ಟೊಂಗಿ ಎಷ್ಟ ದಪ್ಪ ಆಕೈತಿ, ಅದನ್ನ ಲೆಕ್ಕ ಹಿಡೀಬೇಕು. ಮಷಿನ್ ಅದಕ್ಕ ತಕ್ಕಂಗ ಇರಬೇಕು."

"ಹತ್ತು ವರ್ಷ ಇದನ್ನ ಕಡಿಯೂದಾ ಇಲ್ಲೇನ್ರಿ ಹಂಗಾರ?" ಅಂತ ಕಮಲಾಕ್ಷಿ ಬಿಸ್ಕತ್ತಿನ ತಟ್ಟೆ ಇಡುತ್ತ ಕೇಳಿದಳು.

"ವೈನಿ, ಹಂಗಲ್ರಿ. ಪ್ಲಾನಿಂಗ್ ಅಂತ ಒಂದು ಇರತೈತಿ."

ಪ್ಲಾನಿಂಗ್ ನಡೆಯಿತು. ಪೆಟ್ರೋಲ್ ಮಷಿನ್ನೋ, ಕರೆಂಟಿನದೋ, ಬ್ಯಾಟರಿಯದೋ ಅನ್ನುವುದಕ್ಕೆ ಒಂದು ವಾರ. ಕರೆಂಟಿನದಕ್ಕೆ ವೈರು ಮಾಳಿಗೆಗೆ ಮುಟ್ಟುವುದಿಲ್ಲ, ಮುಟ್ಟಿಸಿದರೂ ಬೇಸಿಗೆಯಲ್ಲಿ ಕರೆಂಟೇ ಇರುವುದಿಲ್ಲ ಅಂತ ಸಂಗಣ್ಣ. ಬ್ಯಾಟರಿಯದು ಹಗುರ, ಹೆಂಗಸರೂ ಹಿಡಿಯಬಹುದು ಅಂತ ಒಂದು ಕಂಪನಿಯ ಚೀಟಿಯಲ್ಲಿ ಬರೆದಿತ್ತು. ಹಾಗಾಗಿ ಅದನ್ನು ಇಬ್ಬರೂ ಒಂದೇ ಸಲಕ್ಕೆ ತಳ್ಳಿಹಾಕಿದರು. ಪೆಟ್ರೋಲಿನದಕ್ಕೆ ಪೆಟ್ರೋಲಿನ ಜೊತೆ ಎಣ್ಣೆ ಕಲಸಿ ಹಾಕಬೇಕು, ಸದ್ದು ಬಹಳ, ಹೊಗೆ ಬಹಳ, ತೂಕವೂ ಬಹಳ. ಇಷ್ಟೆಲ್ಲ ಬಹಳ ಇರುವುದರಿಂದ ಅದೇ ಒಳ್ಳೆಯದಿರಬೇಕು ಅಂತ ಸಮಿತಿ ತೀರ್ಮಾನಿಸಿತು. ಚೈನು ತಿರುಗುವ ಉದ್ದನೆಯ ಪಟ್ಟಿ ಎಷ್ಟು ಉದ್ದ ಇರಬೇಕು ಅನ್ನುವುದಕ್ಕೆ ಇನ್ನೊಂದು ವಾರ ಹಿಡಿದು, ಕೊನೆಗೆ ಹದಿನೆಂಟು ಇಂಚು ಅಂತಾಯಿತು. ಆ ಪಟ್ಟಿಯಿಂದ ಕುಷಾಯಿಗೂಡದ ಬೇವಲ್ಲ, ಕಾಡಿನ ಸಾಗವಾನಿಯನ್ನೇ ಉರುಳಿಸಬಹುದಿತ್ತು.

ಟೊಂಗೆ ಕೊಯ್ಯುವ ವಿಧಾನದ ಬಗ್ಗೆ ಒಂದು ಉಪನ್ಯಾಸವೂ ಆಯಿತು. ಅವತ್ತು ಸಂಗಣ್ಣ ಬುಟ್ಟಿಯಿಂದ ಒಂದು ನುಗ್ಗೆಕಾಯಿ ಎತ್ತಿಕೊಂಡು, ಚಾಕು ಇಸಿದುಕೊಂಡು ತೋರಿಸಿದರು. "ಮ್ಯಾಲಿಂದ ಒಮ್ಮೆಲೆ ಕೊಯ್ದ್ರ ಟೊಂಗಿ ಭಾರಕ್ಕ ತೊಗಟಿ ಸೀಳಕೊಂಡ ಬರತೈತಿ. ಮೊದಲ ಕೆಳಗಿಂದ ಒಂದೀಟ ಕೊಯ್ಕೋಬೇಕು. ಆಮ್ಯಾಲ ಒಂದ ಗೇಣು ಬಿಟ್ಟು ಮ್ಯಾಲಿಂದ." ಗುರುಸಿದ್ದಪ್ಪ ಭೇಷ್ ಅಂದರು. ಕಮಲಾಕ್ಷಿ ತುಂಡಾದ ನುಗ್ಗೆಕಾಯಿಯನ್ನು ತೊಳೆದು ಸಾರಿಗೆ ಹಾಕಿದಳು, ಸಮಿತಿಯಿಂದ ಮನೆಗೆ ಆದ ಮೊದಲ ಉಪಯೋಗ ಅದು.

ರಾಣಿಗಂಜಿನ ಮಷಿನ್ ಅಂಗಡಿಗಳಿಗೆ ಹೋದ ದಿನ ಆಕೆಯೂ ಜೊತೆಗೆ ಹೋದಳು. ಕುರಡಿಗೆ ಒತ್ತುವ ಹಿತ್ತಾಳೆ ಒರಳಿಗೆ ಹೊಸ ತೂತಿನ ಬಿಲ್ಲೆ ಬೇಕಾಗಿತ್ತು. ಮೊದಲು ಸಿಕ್ಕ ಪಾತ್ರೆ ಅಂಗಡಿಯಲ್ಲಿ ಬಿಲ್ಲೆ ಕೇಳಿದಳು, ಕೊಂಡಳು, ಚೀಲಕ್ಕೆ ಹಾಕಿಕೊಂಡಳು. ಗಂಡನ ಮುಖದ ಮೇಲೆ, ಕಣ್ಣೆದುರೇ ಕಳ್ಳತನ ನಡೆದಂತೆ ಒಂದು ಸಂಕಟ ಕಾಣಿಸಿಕೊಂಡಿತು.

"ಇನ್ನೆರಡ ಕಡೆ ಕೇಳಬೇಕಿಲ್ಲೇನ? ನಾಳೆ ಆಡಿಟ್‌ನಾಗ ಪ್ರಶ್ನೆ ಬರತೈತಿ."

"ಬರ್ಲಿ ಬಿಡ್ರಿ. ಆಡಿಟ್‌ನವರಿಗೂ ಎರಡ ಕುರಡಗಿ ಕರದ ಕೊಡ್ತೀನಿ."

ಮಷಿನ್ನಿನ ಅಂಗಡಿಯವನು ಸೌಮ್ಯ ಮನುಷ್ಯ. ಹದಿನೆಂಟು ಇಂಚಿನದನ್ನು ಕೌಂಟರ್ ಮೇಲಿಟ್ಟು, "ಸಾಬ್, ಪೂರಾ ಸೆಟ್ ಲೇ ಲೋ. ಮಷಿನ್, ಪಟ್ಟಿ, ಚೈನ್, ಸಬ್ ಏಕ್ ಕಂಪನಿ ಕಾ," ಅಂದ. ಎಲ್ಲವೂ ಒಂದೇ ಕಂಪನಿಯದು, ಪೂರ್ತಿ ಸೆಟ್ ತಗೊಳ್ಳಿ ಅಂತ. ಗುರುಸಿದ್ದಪ್ಪ ಹೆಂಡತಿಯ ಕಡೆ ಬಾಗಿ ಪಿಸುಗುಟ್ಟಿದರು: "ನೋಡಿದ್ಯಾ? ಗಂಟು ಕಟ್ಟಿ ಮಾರೋ ಆಟ. ಇಂಥಾವ್ರನ್ನ ಎಷ್ಟ ಮಂದಿನ್ನ ನೋಡೀನಿ ನಾ." ನೌಕರಿಯಲ್ಲಿ ಅವರ ಹೆಸರು ಮೇಲೆ ಬಂದದ್ದೇ ಇಂಥ ಗಂಟು ಬಿಚ್ಚಿದ್ದಕ್ಕೆ. ಸಾಮಾನನ್ನು ಬಿಡಿ ಬಿಡಿ ಮಾಡಿ, ಒಂದೊಂದಕ್ಕೂ ಬೇರೆ ಬೇರೆ ಎಲ್-ಒನ್ ಹುಡುಕಿ ಕಾರ್ಖಾನೆಗೆ ಉಳಿತಾಯ ಮಾಡಿಕೊಟ್ಟಿದ್ದಕ್ಕೆ ಒಂದು ಪ್ರಶಸ್ತಿ ಪತ್ರವೂ ಗೋಡೆಯ ಮೇಲಿತ್ತು. ಅದೇ ಜಾಣತನವನ್ನು ಇಲ್ಲಿಯೂ ತೋರಿಸಿದರು. ಎಂಜಿನ್ ಒಂದು ಅಂಗಡಿಯಲ್ಲಿ ಅಗ್ಗ, ಪಟ್ಟಿ ಇನ್ನೊಂದರಲ್ಲಿ, ಚೈನು ಮೂರನೆಯದರಲ್ಲಿ. ಮೂರು ಕಡೆ ಆರ್ಡರ್ ಹೋಯಿತು.

"ಬ್ಯಾರೆ ಬ್ಯಾರೆ ಕಡೇದು ಒಂದಕ್ಕೊಂದು ಕೂಡತಾವೇನ್ರಿ?" ಅಂತ ಕಮಲಾಕ್ಷಿ ಬಸ್ಸಿನಲ್ಲಿ ಕೇಳಿದಳು. "ಜಂಪರಿನ ಬೆನ್ನು ಒಬ್ಬ ಟೇಲರ್, ತೋಳು ಇನ್ನೊಬ್ಬ ಟೇಲರ್ ಹೊಲದ್ರ ಏನಾಕೈತಿ ಗೊತ್ತಲ್ಲ?"

"ಹದಿನೆಂಟು ಇಂಚು ಅಂದ್ರ ಹದಿನೆಂಟು ಇಂಚು. ಇಂಚು ಎಲ್ಲಾ ಅಂಗಡ್ಯಾಗೂ ಒಂದ ಇರತೈತಿ." ಬಸ್ಸು ಇಳಿಯುವ ತನಕ ಅವರು ಗೆದ್ದ ಗತ್ತಿನಲ್ಲೇ ಕೂತಿದ್ದರು.

ಸಾಮಾನು ಬರುವಷ್ಟರಲ್ಲಿ ಮೇ ತಿಂಗಳ ಕೊನೆ. ಮಧ್ಯಾಹ್ನದ ಮೇಲೆ ಮೋಡ ಮುಖ ತೋರಿಸಿ ಹೋಗತೊಡಗಿತ್ತು. ಸುಮಂಗಲಾ ಒಂದು ಸಲ ಫೋನು ಮಾಡಿ, "ಅಕ್ಕಾರ, ಏನರ ತ್ರಾಸ ಐತೇನ್ರಿ? ಇದ್ರ ಸಂಕೋಚ ಮಾಡಬ್ಯಾಡ್ರಿ," ಅಂದಳು. ಆ ದನಿಯಲ್ಲಿ 'ಪಾಪ' ಆಗಲೇ ಅರ್ಧ ದಾರಿ ಬಂದಿತ್ತು. ಕಮಲಾಕ್ಷಿ ಗಂಡನ ಎದುರು ಹೋಗಿ ನಿಂತಳು. "ಒಂದ ದಿನ ಹೇಳ್ರಿ. ನಾ ಗೋಧಿ ನೆನಿ ಹಾಕಬೇಕು. ಒಮ್ಮೆ ಹಾಕಿದ್ರ ನಡುವ ನಿಲ್ಲಸಾಕ ಬರೂದಿಲ್ಲ."

"ರವಿವಾರ ಉದ್ಘಾಟನೆ," ಅಂದರು ಗುರುಸಿದ್ದಪ್ಪ, ರಿಬ್ಬನ್ ಕತ್ತರಿಸುವ ಮಂತ್ರಿಯ ಠೀವಿಯಲ್ಲಿ.

ಆಕೆ ನಂಬಿದಳು. ನಂಬಿ ಗೋಧಿ ನೆನೆಹಾಕಿದಳು. ಕುರಡಿಗೆಯ ಗೋಧಿ ಒಂದು ದಿನದ ಮಾತಲ್ಲ. ದಿನಾ ನೀರು ಬಸಿದು ಹೊಸ ನೀರು ಹಾಕುತ್ತ, ಕಾಳು ಚಿವುಟಿದರೆ ಹಾಲು ಬರುವ ತನಕ ಕಾಯಬೇಕು. ಆಮೇಲೆ ರುಬ್ಬಿ, ಹಿಂಡಿ, ಹಾಲು ತೆಗೆದು ಒಂದು ಇರುಳು ಗಟ್ಟಿ ಹಿಟ್ಟು ತಳಕ್ಕೆ ಕೂರಲು ಬಿಡಬೇಕು. ಮರುದಿನ ಬೆಳಿಗ್ಗೆ ಅದನ್ನು ಬೇಯಿಸಿ, ಬಿಸಿ ಇದ್ದಾಗಲೇ ಒತ್ತಿ, ಬಿಸಿಲಿಗೆ ಹಾಕಬೇಕು. ಅವತ್ತು ಬಿಸಿಲು ತಪ್ಪಿತೋ, ಅಷ್ಟೂ ಹುಳಿ ಹೊಡೆದು ಹಾಳು. ಭಾನುವಾರ ಬೆಳಿಗ್ಗೆ ಆಕೆ ರುಬ್ಬಿ ಹಾಲು ಹಿಂಡಿ ದೊಡ್ಡ ಪಾತ್ರೆಯಲ್ಲಿ ಮುಚ್ಚಿಟ್ಟೇ ಹೊರಗೆ ಬಂದಳು.

ಹೊರಗೆ ಪೂಜೆ ನಡೆದಿತ್ತು. ಎಂಜಿನ್ನಿಗೆ ವಿಭೂತಿ, ಕುಂಕುಮ, ಒಂದು ನಿಂಬೆಹಣ್ಣು. ಸಂಗಣ್ಣ ಸ್ಕೂಟರಿನ ಹೆಲ್ಮೆಟ್ ಹಾಕಿಕೊಂಡು ಬಂದಿದ್ದರು. ಗುರುಸಿದ್ದಪ್ಪ ಕಾಯಿ ಒಡೆದರು, ಪಟ್ಟಿಯನ್ನು ಎಂಜಿನ್ನಿಗೆ ಸಿಕ್ಕಿಸಿದರು. ಅದು ಹೇಗೋ ನಿಂತಿತು. ಚೈನು ನಿಲ್ಲಲಿಲ್ಲ. ಉದ್ದ ಸರಿಯಾಗಿಯೇ ಇತ್ತು, ಹದಿನೆಂಟು ಇಂಚಿನ ಪಟ್ಟಿಯದೇ. ಆದರೆ ಚೈನಿನ ಹಲ್ಲಿಗೂ ಎಂಜಿನ್ನಿನ ಗಾಲಿಯ ಹಲ್ಲಿಗೂ ತಾಳೆಯೇ ಇಲ್ಲ. ಒಂದು ಹಲ್ಲು ಕೂಡಿಸಿದರೆ ಇನ್ನೊಂದು ಎದ್ದು ನಿಲ್ಲುತ್ತದೆ, ಅದನ್ನು ಒತ್ತಿದರೆ ಮೊದಲನೆಯದು ಜಾರುತ್ತದೆ. ಪಟ್ಟಿಯ ಗೀರಿನೊಳಕ್ಕಂತೂ ಅದು ಇಳಿಯಲೇ ಒಲ್ಲದು. ಒತ್ತಿದರು, ಎಳೆದರು, ಎಣ್ಣೆ ಬಿಟ್ಟರು, ಸುತ್ತಿಗೆಯಿಂದ ಮೆಲ್ಲಗೆ ಬಡಿದರು, ಆಮೇಲೆ ಮೆಲ್ಲಗಲ್ಲದ ಹಾಗೂ ಬಡಿದರು. ಕೊನೆಗೆ ಪಟ್ಟಿಯನ್ನೂ ಬಿಚ್ಚಿಟ್ಟು ಬರೀ ಎಂಜಿನ್ನಿನ ಹಗ್ಗ ಎಳೆದು ನೋಡಿದರು. ಓಣಿಯೇ ನಡುಗುವಂತೆ ಅದು ಗರ್ಜಿಸಿತು, ನಾಯಿಗಳು ಓಡಿಹೋದವು.

ಸಂಗಣ್ಣ ಹೆಲ್ಮೆಟ್ ತೆಗೆದು ತೀರ್ಪು ಕೊಟ್ಟರು: "ಎಂಜಿನ್ ಪಾಸ್. ಪಟ್ಟಿ ಪಾಸ್. ಚೈನ್‌ನಾಗೂ ಏನ್ ದೋಷ ಇಲ್ಲ. ಬಿಡಿಬಿಡಿಯಾಗಿ ನೋಡಿದ್ರ ಎಲ್ಲಾ ಪಾಸ್ರಿ."

"ಇವತ್ತ ರವಿವಾರ, ಅಂಗಡಿ ಬಂದ್," ಅಂದರು ಗುರುಸಿದ್ದಪ್ಪ. "ನಾಳೆ ಮೂರೂ ಮಂದಿಗೆ ನೋಟಿಸ್ ಕೊಡೋಣು. ಅವರು ಒಪ್ಪಲಿಲ್ಲಾಂದ್ರ ರೀ-ಟೆಂಡರ್."

ಕಮಲಾಕ್ಷಿ ಮುಂದೆ ಬಂದಳು. "ಗೋಧಿ ಹಾಲು ತಗದಿಟ್ಟೀನ್ರಿ ನಾ. ನಾಳೆ ಮುಂಜಾನೆ ಒತ್ತಬೇಕು."

"ಸಂಡಿಗಿ ಅಲ್ಲೇನ? ಎರಡ ದಿನ ತಡಾ ಆದ್ರ ಏನಾಕೈತಿ?"

ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು. ಒಂದು ಸ್ಕ್ರೂ ತಡವಾದರೆ ಕಾರ್ಖಾನೆಯೇ ನಿಂತುಹೋದಂತೆ ಊಟ ಬಿಡುತ್ತಿದ್ದ ಮನುಷ್ಯ ಇವರೇ. ಕಮಲಾಕ್ಷಿ ಒಳಗೆ ಹೋಗಿ ಅಡುಗೆಕಟ್ಟೆಗೆ ಕೈ ಊರಿ ನಿಂತಳು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಂಡ ಮೇಲೂ ಸಿಟ್ಟು ಹಾಗೇ ಉಳಿದಿತ್ತು.

ಊಟವಾದ ಮೇಲೆ ಗುರುಸಿದ್ದಪ್ಪ ನೋಟಿಸಿನ ಒಕ್ಕಣೆ ಚರ್ಚಿಸಲು ಸಂಗಣ್ಣನ ಮನೆಗೆ ಹೋದರು. ಗೇಟಿನ ಚಿಲಕ ಬಿದ್ದ ಸದ್ದು ಕೇಳಿದ್ದೇ ಕಮಲಾಕ್ಷಿ ಸ್ಟೂಲು ಹಾಕಿ ಅಟ್ಟಕ್ಕೆ ಕೈ ಹಾಕಿದಳು. ಗರಗಸ ಅಲ್ಲೇ ಇತ್ತು, ತಿರಸ್ಕೃತವಾಗಿ, ಧೂಳು ತಿನ್ನುತ್ತ. ಹಲ್ಲಿಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಮಾಳಿಗೆ ಹತ್ತಿದಳು. ಟೊಂಗೆ ಗೋಡೆ ದಾಟಿ ಬರುವಲ್ಲಿ ಆಕೆಯ ಎದೆಮಟ್ಟಕ್ಕಿತ್ತು. ಕೊಯ್ದರೆ ಮಾಳಿಗೆಯ ಮೇಲೆಯೇ ಬೀಳುತ್ತದೆ, ಯಾರ ತಲೆಯ ಮೇಲೂ ಅಲ್ಲ.

ಮೊದಲು ಕೆಳಗಿನಿಂದ ಒಂದಿಷ್ಟು. ಆಮೇಲೆ ಒಂದು ಗೇಣು ಬಿಟ್ಟು ಮೇಲಿನಿಂದ. ನುಗ್ಗೆಕಾಯಿಯ ಪಾಠ ವ್ಯರ್ಥವಾಗಿರಲಿಲ್ಲ, ಮೂರು ತಿಂಗಳು ಚಹಾ ಕೊಟ್ಟಿದ್ದಕ್ಕೆ ಸಿಕ್ಕ ವಿದ್ಯೆ. ತೋಳು ಸೋತಾಗ ನಿಂತಳು, ನೀರು ಕುಡಿದಳು, ಮತ್ತೆ ಎಳೆದಳು. ಪ್ರತಿ ಎಳೆತಕ್ಕೂ ಒಬ್ಬೊಬ್ಬರಿಗೆ ಒಂದೊಂದು ಬೈಗುಳ ಸಂದಾಯವಾಯಿತು: ಎಂಜಿನ್ನಿಗೆ, ಪಟ್ಟಿಗೆ, ಚೈನಿಗೆ, ಸಂಗಣ್ಣನ ಹೆಲ್ಮೆಟ್ಟಿಗೆ. ಗಂಡನ ಪಾಲು ಕೊನೆಗೆ ಇಟ್ಟುಕೊಂಡಿದ್ದಳು, ಅದು ಬರುವ ಮೊದಲೇ ಟೊಂಗೆ ಲಟಕ್ಕೆಂದು ಮುರಿದು ದೊಪ್ಪನೆ ಬಿತ್ತು. ಎಲೆಗಳು ಸುಮ್ಮನಾದ ಮೇಲೆ ನೋಡಿದರೆ ಮಾಳಿಗೆಯ ತುಂಬ ಬಿಸಿಲು. ಕಮಲಾಕ್ಷಿ ಬರಿಗಾಲಲ್ಲಿ ಆ ಕಾದ ನೆಲದ ಮೇಲೆ ಹೆಜ್ಜೆ ಬದಲಿಸುತ್ತ ನಿಂತು ಒಬ್ಬಳೇ ನಕ್ಕಳು. ಬಹಳ ಖುಷಿಯಾಗಿತ್ತು. ಇಷ್ಟಕ್ಕೆ ಇಷ್ಟು ದಿನ ಕಾದೆನಲ್ಲ ಅಂತ ತನ್ನ ಮೇಲೆಯೇ ಸಿಟ್ಟೂ ಬಂತು.

ಸಂಜೆ ಗುರುಸಿದ್ದಪ್ಪ ಬಂದಾಗ, ಆಕೆ ಮಾಳಿಗೆಯಿಂದ ಕೆಳಗೆ ತಳ್ಳಿದ ಟೊಂಗೆ ಅಂಗಳದಲ್ಲಿ ಮಲಗಿತ್ತು. ಅವರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಅಭ್ಯಾಸಬಲ, ಟೇಪು ತೆಗೆದು ಕೊಯ್ದ ಮುಖವನ್ನು ಅಳೆದರು. ತೊಗಟೆ ಎಲ್ಲಿಯೂ ಸಿಗಿದಿರಲಿಲ್ಲ. ಗೋಡೆಗೆ ಒರಗಿಸಿಟ್ಟಿದ್ದ ಗರಗಸವನ್ನು ನೋಡಿದರು, ಹೆಂಡತಿಯ ಅಂಗೈಯಲ್ಲಿ ಎದ್ದ ಬೊಕ್ಕೆಗಳನ್ನೂ ನೋಡಿದರು. ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡರು.

ಮರುದಿನ ಬಿಸಿಲು ಏರುವ ಮುಂಚೆಯೇ ಕಮಲಾಕ್ಷಿ ಮಾಳಿಗೆಯ ಮೇಲಿದ್ದಳು. ಹಳೆಯ ಧೋತ್ರ ಹಾಸಿ, ಬೊಕ್ಕೆಯಾದ ಕೈಗೆ ಬಟ್ಟೆ ಸುತ್ತಿಕೊಂಡು, ಬಿಸಿ ಹಿಟ್ಟು ತುಂಬಿ ಸಾಲು ಸಾಲಾಗಿ ಒತ್ತುತ್ತಿದ್ದಳು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಗುರುಸಿದ್ದಪ್ಪ ಎರಡು ಕಪ್ಪು ಚಹಾ ಹಿಡಿದು ಬಂದಿದ್ದರು, ತಾವೇ ಮಾಡಿದ್ದು. ಸಕ್ಕರೆ ಮರೆತಿತ್ತು.

"ನೋಟಿಸ್ ಕೊಡಾಕ ಹೋಗೂದಿಲ್ಲೇನ್ರಿ?"

"ಸಂಗಣ್ಣಗ ಬ್ಯಾಡಂದೆ."

ಕಪ್ಪುಗಳನ್ನು ಗೋಡೆಯ ಮೇಲಿಟ್ಟು ನಿಂತರು. ಎಲ್ಲಿ ಕಾಲಿಡಬೇಕು, ಕೈ ಎಲ್ಲಿಡಬೇಕು ಅನ್ನುವುದೇ ಗೊತ್ತಾಗದವರ ಹಾಗೆ. ಆಮೇಲೆ, ಯಾವತ್ತೂ ಇಲ್ಲದ ಸಣ್ಣ ದನಿಯಲ್ಲಿ ಕೇಳಿದರು: "ಕಮಲಾ, ನನಗೇನರ ಕೆಲಸ ಐತೇನ ಇಲ್ಲಿ?"

ಆಕೆಯ ಕೈ ನಿಂತಿತು. ಈ ಒಂದು ವರ್ಷ ಈ ಮನುಷ್ಯನಿಗೆ ಯಾರೂ ಒಂದು ಕೆಲಸ ಹೇಳಿರಲಿಲ್ಲ. ಯಾರೂ ಏನನ್ನೂ ಕೇಳಲು ಬಂದಿರಲಿಲ್ಲ, ಫೈಲು ಹಿಡಿದು ಗೋಡೆಗೆ ಒರಗಿರಲಿಲ್ಲ. ತಾನೊಬ್ಬಳು ಟೊಂಗೆ ಕಡಿಸಿ ಅಂದಿದ್ದಳು, ಅಷ್ಟಕ್ಕೇ ಮೂರು ತಿಂಗಳು ಕಚೇರಿ ತೆರೆದು ಕೂತರು. ಪಾಪ ಅನ್ನಿಸಿತು. ತನಗೆ ಬೇಡವಾದ ಆ 'ಪಾಪ' ಗಂಡನಿಗೂ ಬೇಡವೇ ಇರುತ್ತದೆ ಅಂತಲೂ ಅನ್ನಿಸಿತು. ಹಾಗಾಗಿ ಅದನ್ನು ಬಾಯಿಗೆ ತರಲಿಲ್ಲ.

"ಇನ್ನ ಇಬ್ಬರು ಬರ್ಲಿ ತಡೀರಿ," ಅಂದಳು. "ಮೂರು ಮಂದಿ ಇಲ್ದ ಆರಿಸಾಕ ಬರೂದಿಲ್ಲಂತ ನೀವ ಹೇಳೀರಿ."

ಗುರುಸಿದ್ದಪ್ಪ ಕನ್ನಡಕ ತೆಗೆದು ಒರೆಸಿದರು. "ಬ್ಯಾರೆ ಯಾರೂ ಬರೂದಿಲ್ಲ ಕಮಲಾ. ನಾ ಒಬ್ಬನ."

ಅಷ್ಟರಲ್ಲಿ ಒಂದು ಕಾಗೆ ಗೋಡೆಯ ಮೇಲೆ ಇಳಿದು ಮೊದಲ ಸಾಲನ್ನು ಓರೆಗಣ್ಣಲ್ಲಿ ತಪಾಸಣೆ ಮಾಡತೊಡಗಿತು. "ಕಾಗಿ ಓಡಸ್ರಿ ಹಂಗಾರ," ಅಂದಳು ಕಮಲಾಕ್ಷಿ. ಕೋಲು ತರುತ್ತಾರೆ ಅಂದುಕೊಂಡಿದ್ದಳು. ಅವರು ಕೆಳಗೆ ಹೋಗಿ, ಏದುಸಿರು ಬಿಡುತ್ತ, ಚೈನಿಲ್ಲದ ಪಟ್ಟಿಯಿಲ್ಲದ ಆ ಎಂಜಿನ್ನನ್ನು ಹೊತ್ತು ತಂದರು. ಹಗ್ಗ ಎಳೆದರು. ಆ ಗರ್ಜನೆಗೆ ಕಾಗೆಯಷ್ಟೇ ಅಲ್ಲ, ಪಾರಿವಾಳಗಳು ಕೂಡ ಓಣಿ ಬಿಟ್ಟು ಹಾರಿದವು, ಎದುರುಮನೆಯವರು ಬ್ರಷ್ ಬಾಯಲ್ಲಿಟ್ಟುಕೊಂಡೇ ಹೊರಗೆ ಬಂದರು. "ಸಾಕ್ರಿ, ಸಾಕ್ರಿ!" ಅಂತ ಕಮಲಾಕ್ಷಿ ಕಿರುಚಿದ್ದು ಅವರಿಗೆ ಕೇಳಿಸಲಿಲ್ಲ. ಕೊನೆಗೆ ಆರಿಸಿ, ನೆರಳಿಗೆ ಛತ್ರಿ ಬಿಚ್ಚಿಟ್ಟುಕೊಂಡು, ಎಂಜಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತರು.

"ಡ್ಯೂಟಿ ಎಷ್ಟೊತ್ತಿನ ತನಕ?"

"ಒಣಗೂತನಕ್ರಿ."

ಒಣಗುವ ತನಕವೂ ಕೂತರು. ಆ ಬಿಸಿಲಿಗೆ ಕುರಡಿಗೆ ಗಲಗಲ ಅನ್ನುವ ಹಾಗೆ ಒಣಗಿತು. ಮಿರಗ ಇನ್ನೂ ಕೂಡಿರಲಿಲ್ಲ, ಸುಮಂಗಲಾ ಆಟೋ ಮಾಡಿಕೊಂಡು ಬಂದಳು. ಒಂದು ಕುರಡಿಗೆ ಕರಿಸಿ ತಿಂದು, ಇನ್ನೊಂದನ್ನು ಕೇಳದೆಯೇ ಎತ್ತಿಕೊಂಡು, "ಬರೋ ವರ್ಷ ಸಂಕ್ರಾಂತಿಗೂ ಮೊದಲ ಹೇಳಿಬಿಡ್ತೀನ್ರಿ ಅಕ್ಕಾರ, ಇದರ ಎರಡು ಪಾಲು ಬೇಕು," ಅಂದಳು. ಕಮಲಾಕ್ಷಿ "ನೋಡೋಣು ತಗೋವ್ವಾ" ಅಂತ ದೊಡ್ಡಸ್ತಿಕೆಯಿಂದ ಹೇಳಿದಳು. ಆ ಮಾತು ಹೇಳಲು ಆಕೆ ಸಂಕ್ರಾಂತಿಯಿಂದ ಕಾದಿದ್ದಳು.

ಎರಡು ಡಬ್ಬಿ ತುಂಬಿ ಕಟ್ಟುವಾಗ ಸುಮಂಗಲಾಳ ಕಣ್ಣು ಪಡಸಾಲೆಯ ಮೂಲೆಗೆ ಬಿತ್ತು. ಅಲ್ಲಿ ಎಂಜಿನ್ನು ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. "ಇದೇನ್ರಿ ಅಣ್ಣಾರ, ಇಷ್ಟ ದೊಡ್ಡ ಮಷಿನ್ನು?"

ಗುರುಸಿದ್ದಪ್ಪ ಡಬ್ಬಿಯ ಮುಚ್ಚಳವನ್ನು ಮತ್ತೊಮ್ಮೆ ಒತ್ತಿದರು.

"ಕಾಗಿ ಓಡಸೋ ಮಷಿನ್ನವ್ವಾ," ಅಂದಳು ಕಮಲಾಕ್ಷಿ, ದಾರ ಬಿಗಿಯುತ್ತ, ಮುಖ ಎತ್ತದೆ. "ನಮ್ಮನಿಯವರು ಮೂರ ತಿಂಗಳ ತಿರಗಿ, ಮೂರು ಕಡೆ ವಿಚಾರಿಸಿ ಆರಿಸಿ ತಂದಾರ. ಭಾಳ ಚಲೋ ಐತಿ. ಒಂದ ಕಾಗಿ ಬಂದಿಲ್ಲ ನೋಡ."

"ಹೌದ? ನಮ್ಮ ಕಡೆ ಮಂಗ್ಯಾನ ಕಾಟ ಭಾಳ ಐತ್ರಿ. ನಾವೂ ಒಂದ ತಗೋಬೇಕಂದ್ರ ಯಾವದು ತಗೋಬೇಕ್ರಿ ಅಣ್ಣಾರ?"

ಇಡೀ ಜೀವಮಾನ ಈ ಪ್ರಶ್ನೆಗಾಗಿಯೇ ಬದುಕಿದ ಮನುಷ್ಯ. ಕನ್ನಡಕ ಮೂಗಿನ ಮೇಲೆ ಅರ್ಧ ಏರಿತು. ಅವರು ಹೆಂಡತಿಯ ಕಡೆ ನೋಡಿದರು, ಆಕೆಯ ಅಂಗೈಯಲ್ಲಿ ಇನ್ನೂ ಮಾಯದ ಬೊಕ್ಕೆ ನೋಡಿದರು, ಕನ್ನಡಕವನ್ನು ತೆಗೆದು ಜೇಬಿಗೆ ಹಾಕಿಕೊಂಡರು.

"ಅದನ್ನ ಇಕಿಗೆ ಕೇಳ್ರಿ. ಈ ಮನ್ಯಾಗ ಆರಿಸೂದು ಈಗ ಇಕೀದು," ಅಂದು, ಎರಡೂ ಡಬ್ಬಿಗಳನ್ನು ಎತ್ತಿಕೊಂಡು ಆಟೋದ ಕಡೆ ನಡೆದರು.